ಒಂದೇ ಸೋಪಾನಕಟ್ಟೆಯ ಮೂರು ಕಥೆ



ಕರಾವಳಿಯವರೇ ಹೆಚ್ಚಿರುವ ಮುಂಬೈ ಕನ್ನಡಿಗರ ಈ ಸಭೆಯಲ್ಲಿ ಹಳೇ ಮೈಸೂರಿನ ಹೊಳೆಯ ಮಾತು ತೆಗೆಯುತ್ತಿದ್ದೇನೆ. ಸಮುದ್ರ ಕಂಡವರು ಹೊಳೆಯನ್ನೂ ಸ್ವಲ್ಪ ಸಹಿಸಿಕೊಳ್ಳಬೇಕು. ಮುಂದಿನ ವಾರ್ಷಿಕೋತ್ಸವಕ್ಕೆ ನಮ್ಮವರೇ ಆಡಬಹುದಾದ ಒಂದು ಕಿರುನಾಟಕ ನನ್ನ ತಲೆಯಲ್ಲಿದೆ. 2010ರಲ್ಲಿ ಮೈಸೂರಿನ ರಂಗಾಯಣದವರು ‘ಮಲೆಗಳಲ್ಲಿ ಮದುಮಗಳು’ ಆಡಿದಾಗ ಜನ ರಾತ್ರಿಯಿಡೀ ಕೂತು ನೋಡಿದರು. ನಮಗೆ ಕೊನೇ ಲೋಕಲ್ ಹಿಡಿಯುವ ಅವಸರ, ನಲವತ್ತು ನಿಮಿಷ ಸಾಕು.

ರಂಗದ ಮೇಲೆ ಒಂದು ಸೋಪಾನಕಟ್ಟೆ. ನಾಲ್ಕು ಮೆಟ್ಟಿಲು, ಒಂದು ಒಗೆಯುವ ಕಲ್ಲು, ಅಷ್ಟೇ. ಕಾವೇರಿ ಸೋಮನಾಥಪುರದ ಬಳಿ ಹಾದು, ಟಿ. ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಕಡೆ ಹೊರಳುತ್ತಾಳೆ. ಆ ದಾರಿಯ ಮೂರು ಕಥೆಗಳನ್ನು ಈ ಕಟ್ಟೆಗೆ ಇಳಿಸೋಣ.

ಮೊದಲು ಬರುವವನು ಮಲ್ಲಿತಮ್ಮ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ, ತನ್ನ ಹೆಸರಿನ ಅಗ್ರಹಾರದಲ್ಲಿ 1258ರಲ್ಲಿ ಕೇಶವ ದೇವಾಲಯ ಕಟ್ಟಿಸಿದ. 2023ರಲ್ಲಿ ಅದು ಬೇಲೂರು, ಹಳೇಬೀಡುಗಳ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೋದವರು ಮೂರು ಶಿಖರ ನೋಡಿ, ಫೋಟೊ ತೆಗೆದು ಹೊರಡುತ್ತಾರೆ. ಸ್ವಲ್ಪ ಬಗ್ಗಿ ವಿಗ್ರಹಗಳ ಪೀಠ ನೋಡಿ, ಕೆತ್ತಿದವರ ಹೆಸರುಗಳಿವೆ. ಮಲ್ಲಿತಮ್ಮನದು ಮತ್ತೆ ಮತ್ತೆ ಸಿಗುತ್ತದೆ; ಒಂದು ಕಡೆ ಪೂರ್ತಿ ಹೆಸರು, ಇನ್ನೊಂದು ಕಡೆ ‘ಮಲ್ಲಿ’, ಮತ್ತೊಂದು ಕಡೆ ಬರೀ ‘ಮ’. ಬಳಪದ ಕಲ್ಲಿನಲ್ಲಿ ಒಡವೆಯ ಮಣಿಮಣಿಯನ್ನೂ ಬಿಡಿಸಿದ ಕೈ, ತನ್ನ ಹೆಸರಿನ ಹೊತ್ತಿಗೆ ಸೋತಿತ್ತೋ, ಊಟಕ್ಕೆ ಹೊತ್ತಾಗಿತ್ತೋ! ಸಂಜೆ ಮೈಗಂಟಿದ ಕಲ್ಲುಪುಡಿ ತೊಳೆಯಲು ಅವನು ಮೆಟ್ಟಿಲಿಳಿಯಲಿ.

ಅಲ್ಲಿ ಆಗಲೇ ಒಬ್ಬ ಮಡಿವಾಳ ಬಟ್ಟೆ ಒಗೆಯುತ್ತಿದ್ದಾನೆ. ಇವನು ನರಸೀಪುರದ ಸ್ಥಳಕಥೆಯವನು. ಕನಸಿನಲ್ಲಿ ನರಸಿಂಹ ಬಂದು ಗುಡಿ ಕಟ್ಟು ಎಂದನಂತೆ. ಆಮೇಲೆ ಇವನು ಕಾಶಿಗೆ ಹೊರಟರೆ ದೇವರೇ ತಡೆದು, ಈ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದನಂತೆ. ಅದಕ್ಕೇ ಆತ ಗುಂಜಾ ನರಸಿಂಹ. ಸೇರಲ್ಲ, ಮಣವಲ್ಲ, ಬರೀ ಗುಲಗಂಜಿ! ಇಷ್ಟು ಸಂಕೋಚದಿಂದ ಜಂಬ ಕೊಚ್ಚಿದ ದೇವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೂರನೆಯವಳು ಅಲಮೇಲಮ್ಮ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ, ವಿಜಯನಗರದ ಪ್ರತಿನಿಧಿಯ ಹೆಂಡತಿಯಾದ ಈಕೆಯ ಒಡವೆಗಾಗಿ ಆಳುಗಳು ಬೆನ್ನಟ್ಟಿದರು, ಈಕೆ ಶಾಪವಿಟ್ಟು ಮಾಲಂಗಿಯ ಮಡುವಿಗೆ ಹಾರಿದಳು ಎಂಬುದು ಜನರ ಬಾಯಲ್ಲಿರುವ ಕಥೆ. ದಯವಿಟ್ಟು ಆ ಶಾಪವನ್ನು ರಂಗದ ಮೇಲೆ ಕೂಗಿಸಬೇಡಿ. ಎಲ್ಲರಿಗೂ ಬಾಯಿಪಾಠವಾಗಿರುವ ಮಾತದು. ಕೂಗಿದ ಕೂಡಲೇ ಚಪ್ಪಾಳೆ ಬಿದ್ದು ನಾಟಕ ಅಲ್ಲಿಗೇ ಮುಗಿಯುತ್ತದೆ. ಆಕೆ ಸೆರಗಿನ ಗಂಟು ಬಿಗಿಹಿಡಿದು, “ಮಾಲಂಗಿ ಎಷ್ಟು ದೂರ ಅಪ್ಪಾ?” ಅಂತ ಕೇಳಲಿ. ಮಡಿವಾಳ ತಲೆ ಎತ್ತದೆ, “ಹೊಳೆ ಹೋದ ಕಡೇಗೇ ಹೋಗಿ ತಾಯಿ” ಅನ್ನಲಿ.

ಹೊಯ್ಸಳರ ರೂವಾರಿಗೂ ಅಲಮೇಲಮ್ಮನಿಗೂ ಮುನ್ನೂರೈವತ್ತು ವರ್ಷ ಅಂತರವಲ್ಲವೇ ಅಂತ ಇತಿಹಾಸದ ಮೇಷ್ಟ್ರು ಯಾರಾದರೂ ಕೇಳಿಯೇ ಕೇಳುತ್ತೀರಿ. ಸರಿ, ಅವರಿಬ್ಬರೂ ಮಾತಾಡುವುದು ಬೇಡ. ಅವನು ತೊಳೆದ ಪುಡಿಯ ಮೇಲೆ ಆಕೆ ಕಾಲಿಟ್ಟು ಇಳಿದರೆ ಸಾಕು. ಮಡಿವಾಳನಿಗೆ ಕಾಲದ ಹಂಗಿಲ್ಲ, ಯಾರ ಆಳ್ವಿಕೆಯಲ್ಲೂ ಬಟ್ಟೆ ಕೊಳೆಯಾಗುತ್ತದೆ. ನಿರೂಪಕ ಮಾತ್ರ ಬೇಡವೇ ಬೇಡ. ಮೈಕ್ ಹಿಡಿದು ಕೊಂಡಿ ಹಾಕುವವನು ಬಂದರೆ ಹೊಳೆಗೆ ಏನು ಕೆಲಸ?

ಒಗೆಯುವ ಸದ್ದನ್ನೂ ರೆಕಾರ್ಡ್ ಮಾಡಿ ಹಾಕಬೇಡಿ, ಒದ್ದೆ ಬಟ್ಟೆಯೇ ಕಲ್ಲಿಗೆ ಬೀಳಲಿ. ಆ ಪಾತ್ರಕ್ಕೆ ತೋಳಲ್ಲಿ ಕಸುವಿರುವವರು ಬೇಕು. ಹೆಸರು ಕೊಡುವವರು ಊಟಕ್ಕೆ ಮೊದಲೇ ಕಾರ್ಯದರ್ಶಿಗಳನ್ನು ಹಿಡಿಯಿರಿ. ಊಟವಾದ ಮೇಲೆ ಅವರೂ ಸಿಗುವುದಿಲ್ಲ, ನೀವೂ ಸಿಗುವುದಿಲ್ಲ.