ಪ್ರವೇಶ ಪರೀಕ್ಷೆಗೆ ಅಂಜಿಕೆ ಏಕೆ?

ಗಳಗನಾಥದ ಈ ಸಭೆಯಲ್ಲಿರುವ ಪದವಿ ವಿದ್ಯಾರ್ಥಿಗಳ ಪೈಕಿ ಕೆಲವರ ತಂದೆಯಂದಿರು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದುಡಿಯುವವರು. ಕ್ವಿಂಟಾಲಿನ ದರ, ದಲಾಲಿಯ ಶೇಕಡಾವಾರು ಎಲ್ಲವನ್ನೂ ಅವರು ಬಾಯಲ್ಲೇ ಲೆಕ್ಕ ಹಾಕುತ್ತಾರೆ. ಹೀಗಿರುವಾಗ ಎಂ.ಬಿ.ಎ. ಪ್ರವೇಶ ಪರೀಕ್ಷೆಯ ಗಣಿತಕ್ಕೆ ನೀವು ಅಂಜಬೇಕಾಗಿಲ್ಲ. ನಮ್ಮವರನ್ನು ಹಿಂದಕ್ಕೆ ತಳ್ಳುವುದು ಇಂಗ್ಲಿಷ್ ಗದ್ಯಭಾಗ. ಅದಕ್ಕೆ ದುಬಾರಿ ತರಬೇತಿಗಿಂತ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯದ ಓದು ಹೆಚ್ಚು ಉಪಕಾರಿ.

ಇನ್ನೊಂದು ಮಾತು. ಐ.ಐ.ಎಂ.ಗಳು ನಡೆಸುವ ಕ್ಯಾಟ್‌ನಲ್ಲಿ ಬಹು ಆಯ್ಕೆಯ ಪ್ರಶ್ನೆಗೆ ಸರಿಯುತ್ತರ ಕೊಟ್ಟರೆ 3 ಅಂಕ, ತಪ್ಪಿದರೆ 1 ಅಂಕ ಖೋತಾ. ನಮ್ಮ ರಾಜ್ಯದ ಪಿ.ಜಿ.ಸಿ.ಇ.ಟಿ.ಯಲ್ಲಾದರೋ ತಪ್ಪಿಗೆ ಅಂಕ ಕಡಿತವಿಲ್ಲ. ಮೊದಲನೆಯದರಲ್ಲಿ ಊಹೆಯಿಂದ ಉತ್ತರಿಸಬೇಡಿ. ಎರಡನೆಯದರಲ್ಲಿ ಒಂದನ್ನೂ ಖಾಲಿ ಬಿಡಬೇಡಿ.

ಹೆತ್ತವರೇ, ಅರ್ಜಿಯ ಶುಲ್ಕ ಮದುವೆಯ ಖರ್ಚಿಗಿರಲಿ ಎಂದು ಮಗಳನ್ನು ತಡೆಯಬೇಡಿ. ಅಧಿಸೂಚನೆ ಹೊರಟ ದಿನವೇ ಅರ್ಜಿ ಹಾಕಿಸಿ.