ಮೀನಿನ ಹೊಂಡದ ನೀರು ಬದಲಾಯಿಸುವ ಬಗೆ



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಹೊಲದ ಮೂಲೆಗೆ ಕೃಷಿಹೊಂಡ ತೋಡಿಸಿದವರಿದ್ದೀರಿ. ಹೊಂಡದಲ್ಲಿ ನೀರು ನಿಂತ ಮೇಲೆ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಡೋಣ ಅನ್ನಿಸುವುದು ಸಹಜವೇ. ‘ಸಿಗಡಿ ಬಿಡಬೌದಾ ಸ್ವಾಮಿ?’ ಎಂದು ಕೇಳುವವರೂ ಉಂಟು. ಅದಕ್ಕೆ ಆಮೇಲೆ ಬರೋಣ.

ಕುಮಟಾ ಕಡೆಯ ಗಜನಿ ಗದ್ದೆಗಳಲ್ಲಿ ಸಿಗಡಿ ಬೆಳೆಯುವವರಿಗೆ ಸಮುದ್ರದ ಉಬ್ಬರವಿಳಿತವೇ ನೀರು ಬದಲಿಸಿಕೊಡುತ್ತದೆ. ನಮಗೆ ಆ ಪುಣ್ಯವಿಲ್ಲ. ನಮ್ಮದು ಕೊಳವೆಬಾವಿಯ ನೀರು, ಇಲ್ಲವೇ ನಾಲೆಯಲ್ಲಿ ಬಿಟ್ಟಾಗ ಸಿಕ್ಕುವ ನೀರು. ಚೆಲ್ಲಿದರೆ ಹೋಯಿತು.

ಹೊಂಡದ ನೀರು ತಿಳಿಹಸಿರಾಗಿದ್ದರೆ ಒಳ್ಳೆಯದೇ. ಆ ಹಸಿರು ಎಂದರೆ ಸಣ್ಣ ಪಾಚಿ. ಹಗಲು ಬಿಸಿಲಿನಲ್ಲಿ ಅದು ನೀರಿಗೆ ಆಮ್ಲಜನಕ ಕೊಡುತ್ತದೆ; ರಾತ್ರಿಯಾದರೆ ಮೀನಿನ ಜೊತೆ ತಾನೂ ಪಂಕ್ತಿಗೆ ಕೂತು ಅದನ್ನೇ ಉಣ್ಣುತ್ತದೆ. ತಳದಲ್ಲಿ ಕೊಳೆಯುವ ಹಿಂಡಿ, ತೌಡು, ಮೀನಿನ ಹೊಲಸು ಇವಕ್ಕೂ ಪಾಲು ಬೇಕು. ಆಷಾಢದಲ್ಲಿ ಕೊಡಗಿನ ಕಡೆಯ ಮೋಡ ಕವಿದು ಎರಡು ಮೂರು ದಿನ ಬಿಸಿಲೇ ಕಾಣದಿದ್ದರೆ, ಬೆಳಗಿನ ಜಾವಕ್ಕೆ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಮಿಗಿಂತ ಕೆಳಕ್ಕೆ ಇಳಿಯಬಹುದು. ಆಗ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಮೀನು ಆಟ ಆಡ್ತಾ ಇದೆ ಅಂತ ಸುಮ್ಮನಾದರೆ, ಎಂಟು ತಿಂಗಳು ಸಾಕಿದ್ದು ಒಂದೇ ರಾತ್ರಿಯಲ್ಲಿ ತೇಲಿಬಿಡುತ್ತದೆ. ಹಾಲು ಕರೆಯುವುದಕ್ಕೆ ಮುಂಚೆ ಟಾರ್ಚು ಹಿಡಿದು ಹೊಂಡದ ಕಡೆ ಒಮ್ಮೆ ಹೋಗಿಬನ್ನಿ.

ಬಾಯಿ ಬಿಡುವುದು ಕಂಡರೆ ಆ ದಿನ ಮೇವು ನಿಲ್ಲಿಸಿ, ಹೊಸ ನೀರು ಬಿಡಿ. ಆದರೆ ಕೊಳವೆಬಾವಿಯ ನೀರಿನಲ್ಲೂ ಆಮ್ಲಜನಕ ಕಡಮೆಯೇ. ಕೊಳವೆಯನ್ನು ಹೊಂಡದೊಳಗೆ ಮುಳುಗಿಸಬೇಡಿ. ಎತ್ತರದಿಂದ ಕಲ್ಲುಚಪ್ಪಡಿಯ ಮೇಲೆ ಬಿದ್ದು ಚಿಮ್ಮುವಂತೆ ಇಡಿ. ನಾಲೆಯ ನೀರಾದರೆ ಬಾಯಿಗೆ ಸಣ್ಣಕಣ್ಣಿನ ಬಲೆ ಎರಡು ಪದರ ಕಟ್ಟಿ. ಇಲ್ಲದಿದ್ದರೆ ಕೊರವನ ಮರಿ ನುಗ್ಗಿ ಬೆಳೆದು ನಿಮ್ಮ ಮರಿಗಳನ್ನೇ ನುಂಗುತ್ತದೆ. ಹೊಗೆಸೊಪ್ಪಿಗೆ ಔಷಧಿ ಹೊಡೆದ ಹೊಲದಿಂದ ಹರಿದ ನೀರು ಮಾತ್ರ ಖಂಡಿತ ಬೇಡ.

ಎಷ್ಟು ಬದಲಿಸಬೇಕು? ಒಂದು ಸಲಕ್ಕೆ ಹತ್ತರಲ್ಲಿ ಒಂದು ಪಾಲು ಸಾಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಶಾಖ ಏರುಪೇರಾಗಿ ಮೀನು ಬಳಲುತ್ತದೆ, ಹಸಿರೂ ಹೋಗುತ್ತದೆ. 30 ಮೀಟರು ಉದ್ದ, 20 ಮೀಟರು ಅಗಲದ ಹೊಂಡದಲ್ಲಿ ಒಂದೂವರೆ ಮೀಟರು ನೀರಿದೆ ಎನ್ನಿ. ದಡದ ಇಳಿಜಾರು ಲೆಕ್ಕಕ್ಕೆ ಬೇಡ. ಒಟ್ಟು 9 ಲಕ್ಷ ಲೀಟರು. ಹತ್ತನೆಯ ಪಾಲು 90,000. ಗಂಟೆಗೆ 18,000 ಲೀಟರು ಎತ್ತುವ ಪಂಪು ಐದು ಗಂಟೆ ಓಡಬೇಕು. ಕರೆಂಟು ಇರುವ ಹೊತ್ತು ನೋಡಿಕೊಂಡು ಎರಡು ದಿನಕ್ಕೆ ಹಂಚಿಕೊಳ್ಳಿ.

ಹೊರಗೆ ಬಿಡುವ ನೀರನ್ನು ಮೇಲಿನಿಂದ ಬಿಡಬಾರದು, ತಳದಿಂದಲೇ ಎಳೆಯತಕ್ಕದ್ದು. ಹೊಲಸು ಕೂತಿರುವುದು ಅಲ್ಲಿ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಅದನ್ನು ಅರಗಿಸಲು ಕೆಳಗೆ ಮಣ್ಣೂ ಇಲ್ಲ. ಆ ನೀರು ಬತ್ತಕ್ಕೆ, ಬಾಳೆಗೆ ಗೊಬ್ಬರವೇ ಸರಿ. ಹೊಲಕ್ಕೆ ಬೇಡದ ದಿನ ಪಕ್ಕದಲ್ಲಿ ಒಂದು ಚಿಕ್ಕ ಗುಂಡಿಗೆ ಹಾಯಿಸಿ. ಬಗ್ಗಡ ಕೂರಲಿ, ಮೇಲೆ ಅಂತರಗಂಗೆ ಬೆಳೆದು ಅದರ ಸಾರ ಹೀರಲಿ. ತಿಳಿಯಾದ ನೀರನ್ನು ಮತ್ತೆ ಹೊಂಡಕ್ಕೆ ಎತ್ತಿಕೊಳ್ಳಿ. ಅಂತರಗಂಗೆಯನ್ನು ಊರ ಕೆರೆಗೆ ಮಾತ್ರ ಎಸೆಯಬೇಡಿ, ತೆಗೆದು ಮುಗಿಯದು.

ಇನ್ನು ಸಿಗಡಿಯ ಮಾತು. ಕರಾವಳಿಯ ಸಿಗಡಿಗೆ ಉಪ್ಪಿನಂಶವಿರುವ ನೀರೇ ಬೇಕು. ನಮಗೆ ಆಗುವುದಿದ್ದರೆ ಸಿಹಿನೀರಿನ ಸಿಗಡಿ. ಅದು ತಳದಲ್ಲೇ ಹರಿದಾಡುವ ಜೀವಿ, ತಳ ಕೆಟ್ಟರೆ ಮೊದಲ ಪೆಟ್ಟು ಅದಕ್ಕೇ. ಒಂದು ವರ್ಷ ಕಾಟ್ಲಾ, ರೋಹು ಸಾಕಿ ನೀರಿನ ಗುಣ ತಿಳಿದುಕೊಂಡು ಆಮೇಲೆ ಕೈಹಾಕಿ ಎನ್ನುತ್ತೇನೆ.