ಸಂಘದ ಹಲ್ಲು ನೋಡೋಣ



ಎತ್ತು ಕೊಳ್ಳುವಾಗ ಹಲ್ಲು ನೋಡ್ತೀರಿ, ನಡಿಗೆ ನೋಡ್ತೀರಿ. ನಿಮ್ಮ ಸಂಘವನ್ನು ಎಂದಾದರೂ ಹಾಗೆ ನೋಡಿದ್ದೀರಾ?

1980ರಲ್ಲಿ ನರಗುಂದ, ನವಲಗುಂದದ ಗೋಲಿಬಾರಿನ ನಂತರ ಹುಟ್ಟಿದ್ದು ನಮ್ಮ ರಾಜ್ಯ ರೈತ ಸಂಘ. ಜಪ್ತಿಗೆ ಬಂದ ಜೀಪಿನ ಮುಂದೆ ಜಾತಿ ಕೇಳದೆ ನಿಲ್ಲುವುದೇ ಅದರ ಬಲ. ಆದರೆ ಜೀಪು ತಿರುಗಿದ ಮೇಲೆ ನಾವೂ ಮನೆಗೆ ತಿರುಗ್ತೀವಿ. ನಮ್ಮೂರ ಘಟಕದಲ್ಲಿ ಯಾರ ಸಾಲ ಎಷ್ಟು, ಅಸಲೆಷ್ಟು, ಬಡ್ಡಿಯೆಷ್ಟು ಎಂದು ಬರೆದಿಟ್ಟ ಒಂದು ಪುಸ್ತಕವಿಲ್ಲ. ಸದಸ್ಯತ್ವದ ಹಣದ ಲೆಕ್ಕವೂ ಮೂರು ವರ್ಷ ನನ್ನ ಜೇಬಿನ ಚೀಟಿಯಲ್ಲೇ ಇತ್ತು. ನಾಚಿಕೆಯಾಗುತ್ತೆ, ಹೇಳಲೇಬೇಕು. ಲೆಕ್ಕವಿಲ್ಲದವರು ಬ್ಯಾಂಕಿನವರ ಲೆಕ್ಕ ಹೇಗೆ ಕೇಳೋದು?

ಬೆಲೆಯ ಮಾತು ಬಂದರೆ ಹೊಸದುರ್ಗದ ತೆಂಗಿನವರು, ಹೊಳಲ್ಕೆರೆಯ ಅಡಿಕೆಯವರು, ಹಿರಿಯೂರು, ಚಿತ್ರದುರ್ಗದ ಈರುಳ್ಳಿಯವರು ಬೇರೆ ಬೇರೆ. ನಾಲ್ಕೂ ತಾಲ್ಲೂಕನ್ನು ಕೂಡಿಸೋದು ನೀರು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಘೋಷಣೆಯಾಯ್ತು. ಘೋಷಣೆಯಿಂದ ಹೊಲ ನೆನೆಯೋದಿಲ್ಲ, ಒಟ್ಟಾಗಿ ಕೇಳಬೇಕು. ಒಟ್ಟು ಎಲ್ಲಿದೆ? ನಂಜುಂಡಸ್ವಾಮಿಯವರು 2004ರಲ್ಲಿ ತೀರಿಕೊಂಡರು. ಶಾಲಿನ ಬಣ್ಣ ಒಂದೇ, ಬಣ ಹಲವು. ಒಂದು ಬಣದ ಮನವಿ ಹಿಡಿದು ಇನ್ನೊಂದರತ್ತ ಬೆರಳು ತೋರಿಸೋದು ಅಧಿಕಾರಿಗೆ ಎಷ್ಟು ಹೊತ್ತಿನ ಕೆಲಸ?

ಬರುವ ಸೋಮವಾರ ನಿಮ್ಮ ಸಾಲದ ಪಾಸ್‌ಬುಕ್ಕು ತನ್ನಿ. ನನ್ನ ಚೀಟಿಗಳನ್ನು ನಾನು ತರ್ತೀನಿ.